ಯಂತ್ರ ಓದಿದ ವರದಿಗೆ ಹೊಣೆ ಯಾರು? ಆರೋಗ್ಯ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಆಸ್ಪತ್ರೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ರಾಜ್ಯ ಮಟ್ಟದಲ್ಲಿ ನಿಯಮಗಳನ್ನು ರೂಪಿಸುವ ಕುರಿತು.

ಮಾನ್ಯರೇ,

ನಾನು ಮಂಡ್ಯ ಮತ್ತು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಗಳಲ್ಲಿ ವೈದ್ಯಕೀಯ ಸೇವೆಗೆ ಸಂಬಂಧಿಸಿದ ದೂರುಗಳನ್ನು ನಡೆಸುವ ವಕೀಲೆ. ಕಕ್ಷಿದಾರರು ತರುವ ಕಡತಗಳಲ್ಲಿ ಇತ್ತೀಚೆಗೆ ಹೊಸ ಬಗೆಯ ಕಾಗದವೊಂದು ಕಾಣಿಸಿಕೊಳ್ಳುತ್ತಿದೆ. ಎದೆಯ ಎಕ್ಸ್-ರೇ, ಇಸಿಜಿ, ಕಣ್ಣಿನ ಒಳಪದರದ ಚಿತ್ರ ಇಂಥವನ್ನು ಸಾಫ್ಟ್‌ವೇರ್ ಓದಿ ತಯಾರಿಸಿದ ವರದಿ ಅದು. ನೋಡುವುದಕ್ಕೆ ವೈದ್ಯರು ಬರೆದ ವರದಿಯಂತೆಯೇ ಇರುತ್ತದೆ, ಆಸ್ಪತ್ರೆಯ ಹೆಸರಿನ ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ, ಆದರೆ ಅದನ್ನು ವೈದ್ಯರೊಬ್ಬರು ನಿಜವಾಗಿ ನೋಡಿದರೇ ಇಲ್ಲವೇ ಎಂಬುದು ಅದರಿಂದ ತಿಳಿಯುವುದಿಲ್ಲ. ಇಂಥ ವರದಿಯಲ್ಲಿ ತಪ್ಪಾದಾಗ ಅದರ ಹೊಣೆ ಯಾರ ಮೇಲೆ ಎಂಬುದನ್ನು ನಮ್ಮ ರಾಜ್ಯದ ಯಾವ ನಿಯಮವೂ ಈವರೆಗೆ ಸ್ಪಷ್ಟವಾಗಿ ಹೇಳಿಲ್ಲ. ಅದನ್ನು ಹೇಳುವ ಅಧಿಕಾರ ತಮ್ಮ ಸರ್ಕಾರಕ್ಕೆ ಇದೆ, ಮತ್ತು ಆ ಅಧಿಕಾರವನ್ನು ಈಗಲೇ ಬಳಸಬೇಕು ಎಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಈ ತಂತ್ರಜ್ಞಾನವೇ ಬೇಡವೆಂದು ನಾನು ಹೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ತಂತ್ರಜ್ಞರು ಇದ್ದರೂ ಅದನ್ನು ಓದುವ ತಜ್ಞರು ಇಲ್ಲದಿರುವುದು ನಮ್ಮ ಕಡೆ ಹೊಸದೇನಲ್ಲ. ಫಿಲಂ ಹಿಡಿದುಕೊಂಡು ರೋಗಿಯ ಮನೆಯವರು ಮೈಸೂರಿನ ದೊಡ್ಡಾಸ್ಪತ್ರೆಗೋ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ಗೋ ಬಸ್ಸು ಹತ್ತುವುದನ್ನು ಈ ಭಾಗದ ಎಲ್ಲರೂ ಕಂಡಿದ್ದಾರೆ. ಕ್ಷಯರೋಗದ ತಪಾಸಣೆಯಲ್ಲಿ ಎದೆಯ ಎಕ್ಸ್-ರೇಯನ್ನು ಮನುಷ್ಯರ ಬದಲು ಕಂಪ್ಯೂಟರ್ ಓದುವುದಕ್ಕೆ, 15 ವರ್ಷ ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನವರ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಸಮ್ಮತಿ ಕೊಟ್ಟಿದೆ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಎಕ್ಸ್-ರೇ ಯಂತ್ರವೂ ಅದರ ಜೊತೆಗಿರುವ ಸಾಫ್ಟ್‌ವೇರೂ ಹಳ್ಳಿಯ ಜಗಲಿಯವರೆಗೆ ಬರುವುದಾದರೆ, ಕೆಮ್ಮನ್ನು ತಿಂಗಳುಗಟ್ಟಲೆ ನುಂಗಿಕೊಂಡು ಕೂರುವ ಕೂಲಿಯವನೊಬ್ಬ ಬೇಗ ಔಷಧಿಯ ಕಡೆಗೆ ಬಂದಾನು. ಅದನ್ನು ತಡೆಯುವ ಯಾವ ಕಾನೂನನ್ನೂ ನಾನು ಬಯಸುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮತಿ ಇರುವುದು ತಪಾಸಣೆಗೆ, ಅಂದರೆ ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ಆರಿಸುವುದಕ್ಕೆ. ರೋಗ ಇದೆ ಅಥವಾ ಇಲ್ಲ ಎಂಬ ಕೊನೆಯ ತೀರ್ಮಾನಕ್ಕೆ ಕಫದ ಪರೀಕ್ಷೆ ಬೇಕು, ವೈದ್ಯರು ಬೇಕು. ಈ ಎರಡರ ನಡುವಿನ ಗೆರೆ ಅಳಿಸಿಹೋದಾಗ ಏನಾಗುತ್ತದೆ ಎಂಬುದಕ್ಕೆ ನನ್ನ ಮುಂದೆ ಬಂದ ಒಂದು ಕಡತದ ಸಂಗತಿಯನ್ನು, ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು, ಯಾರ ಗುರುತೂ ಸಿಗದ ಹಾಗೆ ತಮ್ಮ ಗಮನಕ್ಕೆ ತರುತ್ತೇನೆ.

ಮಳವಳ್ಳಿ ತಾಲ್ಲೂಕಿನ ಆಕೆಯ ಗಂಡನಿಗೆ ಬಹಳ ದಿನಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಖಾಸಗಿ ಆಸ್ಪತ್ರೆಯೊಂದರಲ್ಲಿ ಎದೆಯ ಎಕ್ಸ್-ರೇ ತೆಗೆಸಿದರು. ಕೆಲವೇ ನಿಮಿಷದಲ್ಲಿ ಬಂದ ವರದಿಯಲ್ಲಿ ಗಮನಿಸಬೇಕಾದ ದೋಷವೇನೂ ಇಲ್ಲವೆಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಹಾಳೆಯ ಬುಡದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಈ ವರದಿಯನ್ನು ಸಾಫ್ಟ್‌ವೇರ್ ಸಹಾಯದಿಂದ ಸಿದ್ಧಪಡಿಸಲಾಗಿದೆ, ರೋಗಲಕ್ಷಣಗಳೊಂದಿಗೆ ತಾಳೆ ನೋಡಿಕೊಳ್ಳತಕ್ಕದ್ದು ಎಂಬ ಸಾಲಿತ್ತು. ಸಹಿ ಇರಬೇಕಾದ ಜಾಗದಲ್ಲಿ ಆಸ್ಪತ್ರೆಯ ಮೊಹರು ಮಾತ್ರ ಇತ್ತು. ಆ ವರದಿ ನಂಬಿ ಕೆಮ್ಮಿನ ಔಷಧಿ ಕುಡಿದುಕೊಂಡೇ ಕಾಲ ಕಳೆದ ಆತನಿಗೆ ಮುಂದೆ ಮೈಸೂರಿನಲ್ಲಿ ಕ್ಷಯವೆಂದು ಪತ್ತೆಯಾಯಿತು. ಅಷ್ಟರಲ್ಲಿ ಮನೆಯ ಇನ್ನೊಬ್ಬರಿಗೂ ಅದು ತಗುಲಿತ್ತು. ಆ ಎಕ್ಸ್-ರೇಯನ್ನು ಓದಿದ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ತಿಳಿಸಬೇಕೆಂದು ನಾನು ನೋಟಿಸು ಕಳಿಸಿದಾಗ ಬಂದ ಉತ್ತರದಲ್ಲಿ, ವರದಿಯನ್ನು ವ್ಯವಸ್ಥೆಯೇ ತಯಾರಿಸಿದ್ದು, ಅಂತಿಮ ನಿರ್ಧಾರ ಚಿಕಿತ್ಸೆ ಕೊಡುವ ವೈದ್ಯರದು ಎಂದಿತ್ತು. ಚಿಕಿತ್ಸೆ ಕೊಟ್ಟ ವೈದ್ಯರು ತಾವು ವರದಿಯನ್ನು ನೆಚ್ಚಿದ್ದಾಗಿ ಹೇಳಿದರು. ಸಾಫ್ಟ್‌ವೇರ್ ಮಾರಿದವರು ತಮ್ಮದು ಸಲಹೆ ಮಾತ್ರವೆಂದು ಆ ಸಣ್ಣ ಅಕ್ಷರದ ಸಾಲಿನ ಕಡೆ ಕೈ ತೋರಿಸಿದರು. "ತಪ್ಪು ಯಾರ್ದಾರ ಆಗ್ಲಿ ಕನವ್ವ, ಇದ ಓದ್ದೋರು ಯಾರು ಅಂತಾರ ಯೋಳ್ಬೇಕಲ್ವಾ?" ಎಂದು ಆಕೆ ನನ್ನ ಕಚೇರಿಯಲ್ಲಿ ಕೂತು ಕೇಳಿದ ಪ್ರಶ್ನೆಯನ್ನೇ ನಾನು ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ಇರುವ ಕಾನೂನು ಈ ಪ್ರಶ್ನೆಗೆ ಎಷ್ಟು ದೂರ ಉತ್ತರ ಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೋವಿಡ್ ದಿಗ್ಬಂಧನ ಆರಂಭವಾದ ದಿನವೇ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ವಿಷಯದಲ್ಲಿ ಬಹಳ ನೇರವಾಗಿದೆ: ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ ತಾಣಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ಅವು ವೈದ್ಯರಿಗೆ ನೆರವಾಗಬಹುದು, ಆದರೆ ಕೊನೆಯ ಮಾತು ನೋಂದಾಯಿತ ವೈದ್ಯರಿಂದಲೇ ರೋಗಿಗೆ ತಲುಪಬೇಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಬಂಧನೆಗಳಿಗೆ ಅನುಬಂಧವಾಗಿ ಸೇರಿದ್ದರಿಂದ ಆ ಮಾರ್ಗಸೂಚಿಗೆ ಬಲವೂ ಇದೆ. ಆದರೆ ಅದು ದೂರದಿಂದ ನಡೆಯುವ ಸಮಾಲೋಚನೆಯನ್ನು ಕುರಿತದ್ದು. ರೋಗಿ ಆಸ್ಪತ್ರೆಯ ಒಳಗೇ ಬೆಂಚಿನ ಮೇಲೆ ಕೂತಿರುವಾಗ ಪಕ್ಕದ ಕೋಣೆಯ ಕಂಪ್ಯೂಟರ್ ಹೊರಡಿಸುವ ವರದಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲವೆಂದು ಎದುರುದಾರರ ವಕೀಲರು ವಾದಿಸಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ವೈದ್ಯಕೀಯ ಸಾಧನಗಳ ಕಾನೂನು ಇನ್ನೊಂದು. 2020ರ ಫೆಬ್ರುವರಿ 11ರ ಅಧಿಸೂಚನೆಯ ನಂತರ ರೋಗಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನವೇ. 2017ರ ನಿಯಮಗಳಡಿ ಅಪಾಯದ ಪ್ರಮಾಣಕ್ಕೆ ತಕ್ಕಂತೆ ಅದನ್ನು ಎ, ಬಿ, ಸಿ, ಡಿ ಎಂಬ ವರ್ಗಗಳಲ್ಲಿ ಸೇರಿಸಿ ತಯಾರಕರಿಗೆ ಅಥವಾ ಆಮದುದಾರರಿಗೆ ಪರವಾನಗಿ ಕೊಡಲಾಗುತ್ತದೆ. ಇದು ಒಳ್ಳೆಯದೇ. ಆದರೆ ಈ ಪರವಾನಗಿ ಸಾಫ್ಟ್‌ವೇರ್ ಮಾರುಕಟ್ಟೆಗೆ ಬರುವ ಬಾಗಿಲನ್ನು ಕಾಯುತ್ತದೆಯೇ ಹೊರತು, ಆಸ್ಪತ್ರೆಯೊಳಗೆ ಅದನ್ನು ಯಾರು, ಯಾರ ಮೇಲೆ, ಯಾವ ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸುತ್ತಾರೆ ಎಂಬುದನ್ನು ನೋಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಗಳು ಈ ಎಲ್ಲವನ್ನೂ ಕುರಿತು ಯೋಚಿಸಿವೆ. ಸ್ವಾಯತ್ತತೆ, ಸುರಕ್ಷತೆ, ಹೊಣೆಗಾರಿಕೆ, ತಾರತಮ್ಯವಿಲ್ಲದಿರುವಿಕೆ ಮುಂತಾದ ಹತ್ತು ತತ್ತ್ವಗಳನ್ನು ಅವು ಮುಂದಿಡುತ್ತವೆ. ನಿರ್ಧಾರದ ಕೊಂಡಿಯಲ್ಲಿ ಮನುಷ್ಯರು ಇರಲೇಬೇಕೆನ್ನುತ್ತವೆ. ಅವನ್ನು ಓದಿದಾಗ ನನಗೆ ಸಂತೋಷವಾಯಿತು, ಆದರೆ ಆಯೋಗದ ಮುಂದೆ ಅವನ್ನು ಹಿಡಿದು ನಿಂತಾಗ ಅವುಗಳ ಮಿತಿ ತಿಳಿಯುತ್ತದೆ. ಅವು ಮಾರ್ಗಸೂಚಿಗಳು. ಮುರಿದವರಿಗೆ ಶಿಕ್ಷೆಯಿಲ್ಲ, ನೊಂದವರಿಗೆ ಪರಿಹಾರವಿಲ್ಲ.

ಇನ್ನು ನ್ಯಾಯಾಲಯಗಳು ಕೊಟ್ಟಿರುವ ರಕ್ಷಣೆ. ವೈದ್ಯರ ನಿರ್ಲಕ್ಷ್ಯವನ್ನು ಅಳೆಯುವ ಅಳತೆಗೋಲನ್ನು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಖಚಿತಪಡಿಸಿದೆ: ಅದೇ ವಿದ್ಯೆಯ ಸಾಮಾನ್ಯ ಕುಶಲತೆಯುಳ್ಳ ವೈದ್ಯರು ಅಂಥ ಸಂದರ್ಭದಲ್ಲಿ ಏನು ಮಾಡುತ್ತಿದ್ದರೋ ಅದು. ಸಾಫ್ಟ್‌ವೇರ್ ಎಲ್ಲೆಡೆ ಹಬ್ಬಿದಂತೆ ಈ ಅಳತೆಗೋಲೇ ಜರುಗತೊಡಗುತ್ತದೆ. ಎಲ್ಲರೂ ಸಾಫ್ಟ್‌ವೇರಿನ ಮಾತು ಕೇಳುವ ಕಾಲದಲ್ಲಿ, ಅದರ ಮಾತು ಮೀರಿ ತನ್ನ ಅನುಭವವನ್ನು ನಂಬಿದ ವೈದ್ಯನೇ ನಿರ್ಲಕ್ಷ್ಯ ತೋರಿದವನೆಂದು ನಾಳೆ ವಾದ ಹೂಡಬಹುದು. ಅದರ ಮಾತು ಕೇಳಿ ಕೆಟ್ಟವನನ್ನೂ ಇವತ್ತು ನಾವು ಪ್ರಶ್ನಿಸುತ್ತಿದ್ದೇವೆ. ನಿಯಮವಿಲ್ಲದ ಸ್ಥಿತಿ ರೋಗಿಗಷ್ಟೇ ಅನ್ಯಾಯವಲ್ಲ, ಪ್ರಾಮಾಣಿಕ ವೈದ್ಯರಿಗೂ ಅನ್ಯಾಯ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆಯಿದೆ. ವರದಿ ಬರೆದದ್ದು ಸಾಫ್ಟ್‌ವೇರ್ ಆಗಿದ್ದು, ಅದನ್ನು ಆಸ್ಪತ್ರೆಗೆ ತಂದದ್ದು ಆಡಳಿತ ಮಂಡಳಿಯಾಗಿದ್ದು, ಕಟಕಟೆಯಲ್ಲಿ ನಿಲ್ಲುವುದು ಮಾತ್ರ ರಾತ್ರಿ ಪಾಳಿಯ ಕಿರಿಯ ವೈದ್ಯರಾಗುವುದನ್ನು ನಾನು ಒಪ್ಪಲಾರೆ.

ಇದಕ್ಕಿಂತಲೂ ನನ್ನನ್ನು ಕಾಡುವುದು ಸರ್ಕಾರಿ ಆಸ್ಪತ್ರೆಯ ರೋಗಿಯ ಸ್ಥಿತಿ. ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ಒಳಗೆ ತಂದ ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪೇ, ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಗಳನ್ನು ಆ ಕಾನೂನಿನಿಂದ ಹೊರಗಿಟ್ಟಿತು. ಚೀಟಿಗೆ ಕೊಡುವ ಅಲ್ಪ ಶುಲ್ಕವನ್ನು ಸೇವೆಯ ಬೆಲೆಯೆಂದು ಪರಿಗಣಿಸುವಂತಿಲ್ಲವೆಂದೂ ಹೇಳಿತು. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಫ್ಟ್‌ವೇರ್ ತಪ್ಪು ಓದಿ ಹಾನಿಯಾದರೆ, ಆ ರೋಗಿ ನನ್ನ ಕಚೇರಿಗೆ ಬಂದರೂ ನಾನು ಆಕೆಯ ಪರವಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಲಾರೆ. ಸಿವಿಲ್ ದಾವೆ ಹೂಡಬಹುದು, ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡುವ ಶಕ್ತಿ ಎಷ್ಟು ಜನಕ್ಕೆ ಇದೆ ಎಂಬುದು ತಮಗೂ ಗೊತ್ತು. ತಜ್ಞರ ಕೊರತೆ ಇರುವುದು ಸರ್ಕಾರಿ ಆಸ್ಪತ್ರೆಗಳಲ್ಲಿ, ಆದ್ದರಿಂದ ಸಾಫ್ಟ್‌ವೇರಿನ ಅವಲಂಬನೆ ಹೆಚ್ಚಲಿರುವುದೂ ಅಲ್ಲೇ. ರಕ್ಷಣೆ ಕಡಿಮೆ ಇರುವ ಕಡೆಯೇ ಪ್ರಯೋಗ ಹೆಚ್ಚು ಎಂಬಂತಾಗಬಾರದು.

ಯಂತ್ರವೊಂದನ್ನು ನಿಷೇಧಿಸದೆ ಕಾನೂನಿನ ಹಿಡಿತದಲ್ಲಿ ಇಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಗರ್ಭಧಾರಣಾ ಪೂರ್ವ ಮತ್ತು ಪ್ರಸವ ಪೂರ್ವ ಪತ್ತೆ ತಂತ್ರಗಳ 1994ರ ಕಾಯ್ದೆ ಅಲ್ಟ್ರಾಸೌಂಡ್ ಯಂತ್ರದ ವಿಷಯದಲ್ಲಿ ಅದನ್ನೇ ಮಾಡಿತು. ನೋಂದಣಿಯಿಲ್ಲದ ಕೇಂದ್ರಕ್ಕೆ ಯಂತ್ರ ಮಾರುವಂತಿಲ್ಲ. ಗರ್ಭಿಣಿಗೆ ಮಾಡಿದ ಪ್ರತಿಯೊಂದು ಸ್ಕ್ಯಾನಿಂಗಿಗೂ ಫಾರಂ ಎಫ್ ತುಂಬಬೇಕು. ಏಕೆ ಮಾಡಿದರು, ಯಾರು ಮಾಡಿದರು ಎಂಬುದು ಅದರಲ್ಲಿರಬೇಕು. ಲಿಂಗ ಪತ್ತೆ ಅಪರಾಧವೆಂಬ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಹಾಕಬೇಕು. ಕೇಳಿದವರು ಓದಿಕೊಳ್ಳಲು ಕಾಯ್ದೆಯ ಪ್ರತಿಯೊಂದು ಅಲ್ಲೇ ಇರಬೇಕು. ದಾಖಲೆ ಸರಿಯಾಗಿ ಇಡದಿರುವುದನ್ನು ಬರೀ ಗುಮಾಸ್ತಿಕೆಯ ತಪ್ಪೆಂದು ನೋಡಬೇಕೆಂಬ ವೈದ್ಯರ ಸಂಘಟನೆಯ ವಾದವನ್ನು ಸುಪ್ರೀಂ ಕೋರ್ಟು 2019ರಲ್ಲಿ ಒಪ್ಪಲಿಲ್ಲ, ಏಕೆಂದರೆ ಆ ದಾಖಲೆಯೊಂದೇ ಅಪರಾಧದ ಜಾಡು ಹಿಡಿಯುವ ದಾರಿ.

ಅದೇ ಕಾನೂನು ಸಡಿಲವಾದಾಗ ಏನಾಯಿತೆಂಬುದೂ ನಮ್ಮ ಜಿಲ್ಲೆಗೆ ಗೊತ್ತು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದ ಸ್ಕ್ಯಾನಿಂಗ್ ಯಂತ್ರ ಇದ್ದದ್ದು ಮಂಡ್ಯದ ಆಲೆಮನೆಯೊಂದರಲ್ಲಿ. ಬೆಲ್ಲದ ಕೊಪ್ಪರಿಗೆ ಕುದಿಯುವ ಜಾಗಕ್ಕೆ ಗರ್ಭಿಣಿಯರನ್ನು ಕರೆತಂದು ಹೊಟ್ಟೆಯೊಳಗಿರುವುದು ಹೆಣ್ಣೋ ಗಂಡೋ ಎಂದು ಹೇಳಿ ಹಣ ಎಣಿಸಿಕೊಂಡವರ ಸುದ್ದಿ ಓದಿದ ದಿನ ಈ ಜಿಲ್ಲೆಯವಳಾಗಿ ನನಗಾದ ಸಂಕಟ ಇನ್ನೂ ಹೋಗಿಲ್ಲ. ಅಂದು ಆ ಯಂತ್ರದ ಪರದೆಯನ್ನು ಓದಲು ಸ್ವಲ್ಪವಾದರೂ ತರಬೇತಿ ಇದ್ದವರು ಬೇಕಿತ್ತು. ತರಬೇತಿ ಇಲ್ಲದವರಿಗೂ ಯಂತ್ರವನ್ನು ಎಲ್ಲಿ ಇಡಬೇಕು, ಹೇಗೆ ತಿರುಗಿಸಬೇಕೆಂದು ಹೆಜ್ಜೆ ಹೆಜ್ಜೆಗೂ ಹೇಳಿಕೊಡುವ ಸಾಫ್ಟ್‌ವೇರಿಗೆ, ಹೃದಯದ ಅಲ್ಟ್ರಾಸೌಂಡಿನ ಮಟ್ಟಿಗೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಅನುಮತಿ ಕೊಟ್ಟಾಗಿದೆ. ಗರ್ಭದ ಚಿತ್ರಗಳಲ್ಲಿ ಮಗುವಿನ ಬೆಳವಣಿಗೆಯನ್ನು ತಾನೇ ಅಳೆಯುವ ಸಾಫ್ಟ್‌ವೇರುಗಳೂ ಇವೆ. ಹಳ್ಳಿಯ ಶುಶ್ರೂಷಕಿಯ ಕೈಗೆ ಬಂದರೆ ತಾಯಿ ಮಗು ಇಬ್ಬರನ್ನೂ ಉಳಿಸಬಲ್ಲ ಇಂಥ ಸಾಧನ, ಜೇಬಿನಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರದ ಜೊತೆ ಸೇರಿ ತಪ್ಪು ಕೈಗೆ ಹೋದರೆ ಏನಾದೀತೆಂದು ಮಂಡ್ಯದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಭ್ರೂಣದ ಚಿತ್ರವನ್ನು ಓದುವ ಯಾವುದೇ ಸಾಫ್ಟ್‌ವೇರನ್ನು ಯಂತ್ರದಂತೆಯೇ ನೋಂದಾಯಿಸಬೇಕು, ಲಿಂಗ ಗುರುತಿಸುವ ಸಾಮರ್ಥ್ಯ ಅದರಲ್ಲಿ ಇರದಂತೆ ತಯಾರಕರಿಂದಲೇ ಮುಚ್ಚಳಿಕೆ ಬರೆಸಿಕೊಳ್ಳಬೇಕು, ಫಾರಂ ಎಫ್‌ನಲ್ಲಿ ಸಾಫ್ಟ್‌ವೇರಿನ ಹೆಸರು ಬರೆಯುವ ಅಂಕಣವೊಂದು ಇರಬೇಕು. ಈ ತಿದ್ದುಪಡಿ ಕೇಂದ್ರದಿಂದ ಆಗಬೇಕಾದದ್ದು. ಆದರೆ ಅದನ್ನು ಬರವಣಿಗೆಯಲ್ಲಿ ಕೇಳುವ ನೈತಿಕ ಹಕ್ಕು ಕರ್ನಾಟಕಕ್ಕೆ ಇರುವಷ್ಟು ಬೇರೆ ಯಾವ ರಾಜ್ಯಕ್ಕೂ ಇಲ್ಲವೆಂದು ನಾನು ಭಾವಿಸುತ್ತೇನೆ.

ರೋಗಿಯ ಮಾಹಿತಿಯ ಪ್ರಶ್ನೆಗೆ ಬರುತ್ತೇನೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಫಲವಾಗಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಟ್ಟಳೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರಬೇಕಾಗಿದೆ. ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಖಜಾನೆಗೆ. ಯಾರ ಕಾಯಿಲೆಯ ವಿವರ ಬೀದಿಗೆ ಬಿತ್ತೋ ಅವರಿಗೆ ಪರಿಹಾರ ಕೊಡುವ ಅವಕಾಶ ಹೊಸ ಕಾಯ್ದೆಯಲ್ಲಿ ಇಲ್ಲ. ಪರಿಹಾರಕ್ಕೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಅದು ತೆಗೆದುಹಾಕುತ್ತದೆ. ಹಿಂದಿನ 2011ರ ನಿಯಮಗಳು ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಗುರುತಿಸಿದ್ದವು, ಹೊಸ ಕಾಯ್ದೆ ಆ ಭೇದವನ್ನೂ ಮಾಡುವುದಿಲ್ಲ. ಎಚ್‌ಐವಿ ಪರೀಕ್ಷೆಯ ಫಲಿತಾಂಶಕ್ಕೂ ಅಂಗಡಿಯ ಬಿಲ್ಲಿನಲ್ಲಿರುವ ಮೊಬೈಲ್ ಸಂಖ್ಯೆಗೂ ಒಂದೇ ತೂಕವೆಂಬುದನ್ನು ಒಪ್ಪಿಕೊಳ್ಳುವುದು ಕಷ್ಟ.

ಆ ಕಾಯ್ದೆಯಲ್ಲಿ ನಮ್ಮ ಕೈಗೆ ಸಿಗುವ ಒಂದು ಬಲವಾದ ಹಿಡಿಕೆಯೂ ಇದೆ. ಮಾಹಿತಿ ಪಡೆಯುವ ಮುನ್ನ ಕೊಡುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆಂದು ಅದು ಹೇಳುತ್ತದೆ. ಇಂದು ಏನು ನಡೆಯುತ್ತಿದೆ ಎಂಬುದನ್ನು ಯಾವ ಆಸ್ಪತ್ರೆಯ ದಾಖಲಾತಿ ಕೌಂಟರಿನ ಮುಂದೆ ನಿಂತರೂ ಕಾಣಬಹುದು. ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕೈದು ಹಾಳೆಗಳನ್ನು ಒಟ್ಟಿಗೆ ಪಿನ್ ಹೊಡೆದು, ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಿ ಎನ್ನುತ್ತಾರೆ. ಸ್ಟ್ರೆಚರಿನ ಮೇಲೆ ಮಗನನ್ನು ಮಲಗಿಸಿಕೊಂಡ ತಂದೆ ಏನನ್ನೂ ಓದದೆ ಸಹಿ ಹಾಕುತ್ತಾನೆ. ಆ ಹಾಳೆಗಳಲ್ಲೊಂದು, ಮಗನ ಸ್ಕ್ಯಾನ್ ಚಿತ್ರಗಳನ್ನು ಸಾಫ್ಟ್‌ವೇರಿಗೆ ಕಲಿಸಲು ಬಳಸಿಕೊಳ್ಳಬಹುದೆಂದು ಹೇಳುತ್ತಿದ್ದರೆ ಅದು ಅವನಿಗೆ ಗೊತ್ತಾಗುವ ಬಗೆಯೇ ಇಲ್ಲ. ಚಿಕಿತ್ಸೆಗೆ ಮುನ್ನ ರೋಗಿಗೆ ಅರ್ಥವಾಗುವಂತೆ ವಿವರಿಸಿಯೇ ಒಪ್ಪಿಗೆ ಪಡೆಯಬೇಕು, ಒಂದಕ್ಕೆ ಪಡೆದ ಒಪ್ಪಿಗೆ ಇನ್ನೊಂದಕ್ಕೆ ನಡೆಯದು ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಹೇಳಿದ್ದು ಶಸ್ತ್ರಚಿಕಿತ್ಸೆಯ ಬಗ್ಗೆ. ಅದೇ ನ್ಯಾಯ ಇಲ್ಲಿಗೂ ಸಲ್ಲಬೇಕು: ಚಿಕಿತ್ಸೆಗೆ ಕೊಟ್ಟ ಸಹಿ ದತ್ತಾಂಶಕ್ಕೆ ಕೊಟ್ಟ ಸಹಿಯಾಗಬಾರದು, ಮತ್ತು ದತ್ತಾಂಶಕ್ಕೆ ಇಲ್ಲವೆಂದವರಿಗೆ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು.

ಯಂತ್ರಕ್ಕೆ ಜಾತಿ ಮತ ಬಡವ ಬಲ್ಲಿದ ಎಂಬ ಭೇದವಿಲ್ಲ, ಆದ್ದರಿಂದ ಅದರ ತೀರ್ಮಾನ ನಿಷ್ಪಕ್ಷಪಾತ ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಅವರು ಗಮನಿಸಬೇಕು. ಯಾವ ರೋಗಿಗಳಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸಲು ಅಲ್ಲಿನ ಆಸ್ಪತ್ರೆಗಳು ಬಳಸುತ್ತಿದ್ದ ಸಾಫ್ಟ್‌ವೇರ್, ಕಾಯಿಲೆಯ ತೀವ್ರತೆಯನ್ನು ಅಳೆಯುವ ಬದಲು ಆ ರೋಗಿಗೆ ಆಗಬಹುದಾದ ವೆಚ್ಚವನ್ನು ಲೆಕ್ಕ ಹಾಕುತ್ತಿತ್ತು. ಕಪ್ಪು ಜನರ ಮೇಲೆ ಮೊದಲಿಂದಲೂ ಕಡಿಮೆ ಖರ್ಚಾಗುತ್ತಿದ್ದುದರಿಂದ ಅವರು ಕಡಿಮೆ ಕಾಯಿಲೆಯವರೆಂದು ಅದು ಎಣಿಸಿತು. ಆ ದೋಷವನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆಂದು ಸಂಶೋಧಕರು ತೋರಿಸಿಕೊಟ್ಟರು. ನಮ್ಮಲ್ಲಿ ಕಬ್ಬಿನ ಕಟಾವು ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಆಸ್ಪತ್ರೆಯನ್ನು ಮುಂದೂಡುತ್ತಾ ಬರುವ ಹೆಂಗಸಿನ ಹೆಸರಿನಲ್ಲಿ ದಾಖಲೆಯೂ ಇರುವುದಿಲ್ಲ, ಖರ್ಚೂ ಇರುವುದಿಲ್ಲ. ಅಂಥ ದಾಖಲೆಗಳಿಂದಲೇ ಕಲಿತ ಯಂತ್ರ ಆಕೆಯನ್ನು ಆರೋಗ್ಯವಂತೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಪ್ರಯೋಗಾಲಯದಲ್ಲಿ ಗೆದ್ದದ್ದು ಊರಿನಲ್ಲಿ ಗೆಲ್ಲುತ್ತದೆಂಬ ಖಾತ್ರಿಯೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ಹಾನಿಯನ್ನು ಪತ್ತೆಹಚ್ಚುವ ಗೂಗಲ್‌ನ ಸಾಫ್ಟ್‌ವೇರ್ ಸಂಶೋಧನೆಯಲ್ಲಿ ತಜ್ಞರಿಗೆ ಸಮನಾಗಿ ನಿಂತಿತ್ತು. ಥಾಯ್ಲೆಂಡಿನ ಆರೋಗ್ಯ ಕೇಂದ್ರಗಳಲ್ಲಿ ಬಳಸಿದಾಗ, ಕೋಣೆಯ ಬೆಳಕು ಸರಿಯಿಲ್ಲದೆ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದನ್ನು ಅದು ಓದಲು ನಿರಾಕರಿಸಿತೆಂದು 2020ರಲ್ಲಿ ವರದಿಯಾಯಿತು. ಮಧ್ಯಾಹ್ನ ಕರೆಂಟು ಹೋಗಿ ಬರುವ ನಮ್ಮ ಕೇಂದ್ರಗಳಲ್ಲಿ ಏನಾಗುತ್ತದೆಂದು ಮೊದಲು ಇಲ್ಲಿಯೇ ಪರೀಕ್ಷಿಸಿ ನೋಡಬೇಕು. ಮೈಸೂರು ವೈದ್ಯಕೀಯ ಕಾಲೇಜು, ಮಿಮ್ಸ್, ವಾಕ್ ಮತ್ತು ಶ್ರವಣ ಸಂಸ್ಥೆ ಇವೆಲ್ಲ ಇರುವ ಈ ಭಾಗದಲ್ಲಿ ಅಂಥ ಸ್ಥಳೀಯ ಪರೀಕ್ಷೆಗೆ ಬೇಕಾದ ಜನರಿಗೆ ಕೊರತೆಯಿಲ್ಲ.

ಕಾಲೇಜಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಪೋಲೆಂಡಿನಲ್ಲಿ ಕರುಳಿನ ಎಂಡೋಸ್ಕೋಪಿ ಮಾಡುವ ವೈದ್ಯರು ಕೃತಕ ಬುದ್ಧಿಮತ್ತೆಯ ನೆರವಿಗೆ ಒಗ್ಗಿಹೋದ ಮೇಲೆ, ಆ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಗಡ್ಡೆ ಗುರುತಿಸಿದ ಪ್ರಮಾಣ ಶೇ 28.4ರಿಂದ ಶೇ 22.4ಕ್ಕೆ ಇಳಿಯಿತೆಂದು 2025ರ ಅಧ್ಯಯನವೊಂದು ಹೇಳಿದೆ. ಅನುಭವಸ್ಥರಿಗೇ ಹೀಗಾದರೆ, ಇನ್ನೂ ಎಕ್ಸ್-ರೇ ಓದಲು ಕಲಿಯುತ್ತಿರುವ ವಿದ್ಯಾರ್ಥಿಗಳ ಗತಿಯೇನೆಂದು ವೈದ್ಯಕೀಯ ಶಿಕ್ಷಣ ಇಲಾಖೆ ಯೋಚಿಸಬೇಕು. ತನ್ನ ಅಭಿಪ್ರಾಯವನ್ನು ಮೊದಲು ಬರೆದು, ಆಮೇಲೆ ಸಾಫ್ಟ್‌ವೇರಿನ ಉತ್ತರ ತೆರೆಯುವ ಶಿಸ್ತನ್ನು ತರುವುದಕ್ಕೆ ಕಾಯ್ದೆಯೂ ಬೇಡ, ಹಣವೂ ಬೇಡ.

ಈಗ ತಮ್ಮ ಸರ್ಕಾರ ಏನು ಮಾಡಬಹುದೆಂಬ ವಿಚಾರ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ಪ್ರಕಾರ ರಾಜ್ಯ ಪಟ್ಟಿಯಲ್ಲಿವೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲೇ ಬಂದಿದೆ. 2017ರ ತಿದ್ದುಪಡಿಯ ನಂತರ ರೋಗಿಗಳ ಸನ್ನದು ಅದರ ಭಾಗವಾಗಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಪ್ರತಿ ಜಿಲ್ಲೆಗೂ ಇದೆ. ಈ ಕಾಯ್ದೆಯಡಿ ನಿಯಮ ಮಾಡಿದರೆ ಸಾಕು, ದೆಹಲಿಯ ಕಡೆ ನೋಡುತ್ತಾ ಕೂರಬೇಕಾಗಿಲ್ಲ. ರೋಗಪತ್ತೆ ಅಥವಾ ಚಿಕಿತ್ಸೆಯಲ್ಲಿ ಬಳಸುವ ಪ್ರತಿಯೊಂದು ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರನ್ನು ಅದರ ಪರವಾನಗಿಯ ವಿವರದೊಂದಿಗೆ ಜಿಲ್ಲಾ ಪ್ರಾಧಿಕಾರದಲ್ಲಿ ದಾಖಲಿಸುವುದನ್ನು ಆ ನಿಯಮ ಕಡ್ಡಾಯ ಮಾಡಲಿ. ಸಾಫ್ಟ್‌ವೇರ್ ಓದಿದ ಯಾವ ವರದಿಯೂ ನೋಂದಾಯಿತ ವೈದ್ಯರೊಬ್ಬರ ಹೆಸರು, ನೋಂದಣಿ ಸಂಖ್ಯೆ ಮತ್ತು ಸಹಿ ಇಲ್ಲದೆ ರೋಗಿಯ ಕೈ ಸೇರದಿರಲಿ. ತಪಾಸಣೆಗಷ್ಟೇ ಬಳಸಿದ್ದಾದರೆ, ಇದು ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆ ಅಗತ್ಯವೆಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿರಲಿ. ಕ್ಯಾಲಿಫೋರ್ನಿಯಾದಲ್ಲಿ ಯಂತ್ರ ಬರೆದ ವೈದ್ಯಕೀಯ ಸಂದೇಶವನ್ನು ಯಂತ್ರದ್ದೆಂದೇ ರೋಗಿಗೆ ತಿಳಿಸಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ವಿಮೆಯ ಹಣ ಕೊಡಬೇಕೇ ಬೇಡವೇ ಎಂಬಲ್ಲಿ ಚಿಕಿತ್ಸೆ ಅಗತ್ಯವಿತ್ತೇ ಎಂಬ ತೀರ್ಮಾನ ವೈದ್ಯರದ್ದೇ ಆಗಿರಬೇಕೆಂದೂ ಅಲ್ಲಿ ಕಾನೂನು ಮಾಡಿದ್ದಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಾಗಲಿ ಯಶಸ್ವಿನಿಯಲ್ಲಾಗಲಿ ರೋಗಿಯ ಅರ್ಜಿಯನ್ನು ಯಂತ್ರವೊಂದೇ ತಿರಸ್ಕರಿಸುವ ದಿನ ಬಾರದಂತೆ ಈಗಲೇ ಒಂದು ಆದೇಶ ಹೊರಟರೆ ಸಾವಿರಾರು ಮನೆಗಳಿಗೆ ಉಪಕಾರವಾಗುತ್ತದೆ.

ದಾಖಲೆಯ ವಿಷಯದಲ್ಲಿ ವಕೀಲೆಯಾಗಿ ವಿಶೇಷವಾಗಿ ಕೋರುತ್ತೇನೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ನಿಬಂಧನೆಗಳು ಹೇಳುತ್ತವೆ. ಗ್ರಾಹಕ ದೂರಿಗೆ ಎರಡು ವರ್ಷದ ಕಾಲಮಿತಿ ಇದೆ. ಆದರೆ ಸಾಫ್ಟ್‌ವೇರ್ ಆಗಾಗ ಬದಲಾಗುತ್ತದೆ. ದೂರು ವಿಚಾರಣೆಗೆ ಬರುವ ಹೊತ್ತಿಗೆ, ಆ ದಿನ ಆ ಎಕ್ಸ್-ರೇಯನ್ನು ಓದಿದ ಆವೃತ್ತಿ ಎಲ್ಲೂ ಉಳಿದಿರುವುದಿಲ್ಲ. ಅದು ಎಷ್ಟು ಅಂಕ ಕೊಟ್ಟಿತ್ತು, ಯಾವ ಗಡಿಯ ಮೇಲೆ ರೋಗವೆಂದು ಹೇಳುವಂತೆ ಅದನ್ನು ಹೊಂದಿಸಿದ್ದರು ಎಂಬುದೂ ಸಿಗುವುದಿಲ್ಲ. ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕೇಳುವ ಪ್ರಮಾಣಪತ್ರವನ್ನು ಇಲ್ಲದ ದಾಖಲೆಗೆ ಯಾರು ಕೊಟ್ಟಾರು? ಆದುದರಿಂದ ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಅದು ಕೊಟ್ಟ ಮೂಲ ಫಲಿತಾಂಶ, ವೈದ್ಯರು ಅದನ್ನು ಒಪ್ಪಿದರೋ ತಿದ್ದಿದರೋ ಎಂಬ ಟಿಪ್ಪಣಿ, ಈ ನಾಲ್ಕೂ ಕೇಸ್ ಶೀಟಿನ ಭಾಗವೆಂದು ಸ್ಪಷ್ಟವಾಗಿ ಬರೆಯಬೇಕು. ಹೊರರೋಗಿಗಳಿಗೂ ಇದು ಅನ್ವಯಿಸಬೇಕು, ಏಕೆಂದರೆ ಇಂಥ ವರದಿಗಳಲ್ಲಿ ಹೆಚ್ಚಿನವು ಓಪಿಡಿಯಲ್ಲೇ ಹುಟ್ಟುತ್ತವೆ.

ಸರ್ಕಾರಿ ಆಸ್ಪತ್ರೆಗಳಿಗೆ ಖಾಸಗಿ ಸಂಸ್ಥೆಗಳ ಕಾಯ್ದೆ ತಾಗುವುದಿಲ್ಲ. ಅಲ್ಲಿ ಇದೇ ನಿಯಮಗಳನ್ನು ಇಲಾಖೆಯ ಸುತ್ತೋಲೆಯ ಮೂಲಕ ತರಬಹುದು. ಜೊತೆಗೆ, ಸಾಫ್ಟ್‌ವೇರ್ ಖರೀದಿಯ ಟೆಂಡರಿನಲ್ಲೇ ಮಾರಾಟಗಾರರು ಹೊಣೆಯಲ್ಲಿ ಪಾಲುಗೊಳ್ಳುವ ಷರತ್ತು ಹಾಕಿ, ಅವರಿಂದ ಠೇವಣಿ ಇಡಿಸಿಕೊಂಡು, ಹಾನಿಗೊಳಗಾದ ರೋಗಿಗೆ ಜಿಲ್ಲಾ ಮಟ್ಟದಲ್ಲೇ ಪರಿಹಾರ ಸಿಗುವ ನಿಧಿಯೊಂದನ್ನು ಸ್ಥಾಪಿಸಬೇಕು. ಗ್ರಾಹಕ ಆಯೋಗದ ಬಾಗಿಲು ಮುಚ್ಚಿರುವ ಆ ರೋಗಿಗೆ ಕೈಗೆಟುಕುವ ಬೇರೆ ಬಾಗಿಲು ಇದೊಂದೇ. ಟೆಂಡರಿನ ಕರಡು ಸಿದ್ಧವಾಗುವ ಮೊದಲೇ ಈ ಷರತ್ತು ಅದರೊಳಗೆ ಸೇರಬೇಕು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಸೇರಿಸಲು ಯಾವ ಕಂಪನಿಯೂ ಒಪ್ಪುವುದಿಲ್ಲ.

ನಿಯಮಗಳ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸುವುದಾದರೆ, ಮಂಡ್ಯ ಮತ್ತು ಮೈಸೂರಿನ ವಕೀಲರು, ವೈದ್ಯರು, ಶುಶ್ರೂಷಕರು ಮತ್ತು ಆಶಾ ಕಾರ್ಯಕರ್ತೆಯರನ್ನು ಒಂದೆಡೆ ಸೇರಿಸಿ ಕಲಮುವಾರು ಅಭಿಪ್ರಾಯ ಬರೆದುಕೊಡುವ ಕೆಲಸವನ್ನು ನಾನು ಯಾವ ಸಂಭಾವನೆಯೂ ಇಲ್ಲದೆ ವಹಿಸಿಕೊಳ್ಳುತ್ತೇನೆ. ಈ ಪತ್ರದ ಪ್ರತಿಗಳನ್ನು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಮತ್ತು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕಳುಹಿಸಿದ್ದೇನೆ. ತಮ್ಮ ಇಲಾಖೆಯ ಉತ್ತರವನ್ನು ಲಿಖಿತವಾಗಿ ನಿರೀಕ್ಷಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಗ್ರಾಹಕ ಆಯೋಗದ ವಕೀಲೆ,
ಮಂಡ್ಯ